ಬಾರ್ದೋದ ಬಾಗಿಲು ಮುಚ್ಚಿಸಿದವರು

ಟ್ಯೂನಿಸ್ ನಗರದ ನಡುವಿನಿಂದ ನಾಲ್ಕನೇ ಮಾರ್ಗದ ಮೆಟ್ರೊ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಬಾರ್ದೋ. ಹೆಸರಿಗೆ ಮೆಟ್ರೊ, ಓಡುವುದು ನೆಲದ ಮೇಲೆ, ಟ್ರಾಮ್‌ನಂತೆ. ಟ್ಯುನೀಷಿಯಾದ ಸಂಸತ್ತು ಮತ್ತು ಬಾರ್ದೋ ವಸ್ತುಸಂಗ್ರಹಾಲಯ ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಈ ನೆರೆಹೊರೆ ತಿಳಿಯದೆ ಇಲ್ಲಿನ ಕಥೆ ಅರ್ಥವಾಗುವುದಿಲ್ಲ.

ಒಳಗೆ ನಾನು ಹೆಚ್ಚು ಹೊತ್ತು ನಿಂತದ್ದು ವರ್ಜಿಲ್‌ನ ಮೊಸಾಯಿಕ್ ಮುಂದೆ. ಸೂಸ್ ಊರಿನಲ್ಲಿ ದೊರೆತದ್ದು. ಬಿಳಿ ನಿಲುವಂಗಿಯ ರೋಮನ್ ಕವಿ ಮಡಿಲಲ್ಲಿ ಸುರುಳಿ ಹಿಡಿದು ಕುಳಿತಿದ್ದಾನೆ, ಅಕ್ಕಪಕ್ಕದಲ್ಲಿ ಇಬ್ಬರು ಕಲಾದೇವಿಯರು. ಹತ್ತಿರ ಹೋದರೆ ಮುಖ ಮಾಯವಾಗಿ ಬಗೆಬಗೆಯ ಬಣ್ಣದ ಪುಟ್ಟ ಕಲ್ಲುಚೂರುಗಳಷ್ಟೇ ಉಳಿಯುತ್ತವೆ.

2015ರ ಮಾರ್ಚ್ 18ರಂದು ಇದೇ ಕಟ್ಟಡಕ್ಕೆ ಬಂದೂಕುಧಾರಿಗಳು ನುಗ್ಗಿದರು. ಸತ್ತವರಲ್ಲಿ ಹೆಚ್ಚಿನವರು ನನ್ನಂತೆಯೇ ನೋಡಲು ಬಂದ ವಿದೇಶಿ ಪ್ರವಾಸಿಗರು. ಪಕ್ಕದ ಸಂಸತ್ತಿನಲ್ಲಿ ಅಂದು ಚರ್ಚೆಯಾಗುತ್ತಿದ್ದುದು ಭಯೋತ್ಪಾದನೆ ತಡೆಯುವ ಮಸೂದೆ. ಆದರೂ ಎರಡು ವಾರ ತುಂಬುವ ಮೊದಲೇ ಸಂಗ್ರಹಾಲಯ ಮತ್ತೆ ತೆರೆಯಿತು. ಸಾವಿರಾರು ಜನ ಬೀದಿಗಿಳಿದು ಬಾರ್ದೋವರೆಗೆ ಮೆರವಣಿಗೆ ನಡೆಸಿದರು.

ಇದೇ ಬಾಗಿಲು ಇನ್ನೊಮ್ಮೆ ಮುಚ್ಚಿತು. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟರು, ಆವರಣಕ್ಕೆ ಸೇನೆ ಬಂತು. ಸಂಸತ್ತಿನ ಜೊತೆ ವರ್ಜಿಲ್‌ನಿಗೂ ಬೀಗ ಬಿತ್ತು. ಆ ಬೀಗ ತೆಗೆದದ್ದು 2023ರ ಸೆಪ್ಟೆಂಬರ್‌ನಲ್ಲಿ, ಎರಡು ವರ್ಷ ಕಳೆದ ಮೇಲೆ. ಉಗ್ರರ ಕೈಲಾಗದ್ದನ್ನು ಚುನಾಯಿತ ಅಧ್ಯಕ್ಷರ ಒಂದು ಆದೇಶ ಮಾಡಿತು.

ಮುಸ್ಲಿಂ ಸಮಾಜಕ್ಕೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ ಎಂಬ ಮಾತು ನಮ್ಮ ಹರಟೆಗಳಲ್ಲಿ ಎಷ್ಟು ಸಲೀಸಾಗಿ ಹೊರಬೀಳುತ್ತದೆ! ಟ್ಯೂನಿಸ್ ನಡುವಿನ ಹಬೀಬ್ ಬೂರ್ಗೀಬಾ ಬೀದಿಯ ಮರಗಳ ಕೆಳಗೆ ನಡೆಯುವಾಗ ಆ ಮಾತು ನೆನಪಾಗಿ ಸಿಟ್ಟು ಬಂತು. 2011ರ ಜನವರಿ 14ರಂದು ಇಲ್ಲಿನ ಗೃಹ ಸಚಿವಾಲಯದ ಎದುರು ಜನ ನೆರೆದು ಅಂದಿನ ಅಧ್ಯಕ್ಷ ಬೆನ್ ಅಲಿಗೆ ‘ತೊಲಗು’ ಎಂದು ಕೂಗಿದರು. ಇಪ್ಪತ್ತಮೂರು ವರ್ಷ ಆಳಿದವರು ಅಂದೇ ದೇಶ ಬಿಟ್ಟು ಓಡಿದರು. 2013ರಲ್ಲಿ ಇಬ್ಬರು ವಿರೋಧಿ ನಾಯಕರನ್ನು ಗುಂಡಿಕ್ಕಿ ಕೊಂದಾಗ ದೇಶ ಅಂತರ್ಯುದ್ಧದ ಅಂಚಿಗೆ ಬಂದಿತ್ತು. ಆಗ ಕಾರ್ಮಿಕ ಸಂಘ, ಉದ್ಯಮಿಗಳ ಒಕ್ಕೂಟ, ವಕೀಲರ ಸಂಘ, ಮಾನವ ಹಕ್ಕುಗಳ ಸಂಘ ಸೇರಿ ಪಕ್ಷಗಳನ್ನು ಮಾತುಕತೆಗೆ ಕೂರಿಸಿದವು. ಇಸ್ಲಾಮಿ ಪಕ್ಷವಾದ ಎನ್ನಹ್ದಾ ಅಧಿಕಾರ ಬಿಟ್ಟುಕೊಟ್ಟಿತು. 2014ರ ಸಂವಿಧಾನ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಬರೆದಿಟ್ಟಿತು. ಆ ನಾಲ್ಕು ಸಂಸ್ಥೆಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮಾಜು ಮಾಡುವವರೂ ಮಾಡದವರೂ ಸೇರಿ ಇದನ್ನು ಕಟ್ಟಿದ್ದರು.

ಸೂಸ್‌ಗೆ ಹೋದದ್ದು ‘ಲೂಆಜ್’ ಎಂಬ ಹಂಚಿಕೆ ವ್ಯಾನಿನಲ್ಲಿ. ಸೀಟು ತುಂಬುವವರೆಗೆ ಅದು ಹೊರಡುವುದಿಲ್ಲ. 2015ರ ಜೂನ್ 26ರಂದು ಈ ಊರಿನ ಕಡಲತೀರದ ಹೋಟೆಲಿನಲ್ಲಿ ಒಬ್ಬ ಯುವಕ 38 ಜನರನ್ನು ಕೊಂದ. ಹೋಟೆಲ್ ನೌಕರರು ಸಾಲುಗಟ್ಟಿ ನಿಂತು ಅತಿಥಿಗಳಿಗೆ ಅಡ್ಡವಾದದ್ದನ್ನು ಜಗತ್ತು ಬೇಗ ಮರೆಯಿತು. ಪ್ರವಾಸಿಗರು ಬರುವುದು ನಿಂತಿತು, ಕೆಲಸ ಹೋಯಿತು, ಬೆಲೆ ಏರಿತು. ಪಕ್ಷಗಳು ಮಾತ್ರ ಸಂಸತ್ತಿನಲ್ಲಿ ಕಚ್ಚಾಡುತ್ತಲೇ ಇದ್ದವು. 2021ರಲ್ಲಿ ಸಯೀದ್ ಸಂಸತ್ತಿಗೆ ಬೀಗ ಹಾಕಿದ ರಾತ್ರಿ ಜನ ಬೀದಿಯಲ್ಲಿ ಸಂಭ್ರಮಿಸಿದ್ದು ಈ ಬೇಸರದಿಂದ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಸಂಭ್ರಮಕ್ಕೆ ಅವರು ತೆತ್ತ ಬೆಲೆ ದೊಡ್ಡದು: ‘ಸುಳ್ಳು ಸುದ್ದಿ’ಯ ನೆಪದಲ್ಲಿ ಐದು ವರ್ಷ ಜೈಲಿಗೆ ಹಾಕಬಲ್ಲ ಆದೇಶ, ಸೆರೆಮನೆ ಸೇರಿದ ವಿರೋಧ ಪಕ್ಷದ ನಾಯಕರು ಮತ್ತು ಪತ್ರಕರ್ತರು. 2015ರ ನವೆಂಬರಿನಲ್ಲಿ ಉಗ್ರರ ದಾಳಿಯ ಬಳಿಕ ಹೇರಿದ ತುರ್ತುಸ್ಥಿತಿಯನ್ನೂ ವರ್ಷಗಟ್ಟಲೆ ವಿಸ್ತರಿಸುತ್ತಲೇ ಬಂದಿದ್ದಾರೆ.

ಮರಳಿ ಬರುವಾಗ ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಶಿಕ್ಷಕರೊಬ್ಬರು ರಾಜಕೀಯದ ಮಾತು ಬಂದಾಗ ಮೊದಲು ಮುಂದಿನ ಸೀಟಿನತ್ತ ನೋಡಿದರು, ಆಮೇಲೆ ದನಿ ತಗ್ಗಿಸಿದರು. 2011ರಲ್ಲಿ ಬಿಸಿಲಿನಲ್ಲಿ ಸರದಿ ನಿಂತು ಮತ ಹಾಕಿದ್ದರಂತೆ, 2014 ಮತ್ತು 2019ರಲ್ಲೂ ಬಿಡಲಿಲ್ಲವಂತೆ. 2024ರ ಅಕ್ಟೋಬರಿನಲ್ಲಿ ಮನೆಯಲ್ಲೇ ಕುಳಿತರಂತೆ. ದೇಶದ ಹತ್ತರಲ್ಲಿ ಏಳು ಮತದಾರರು ಅಂದು ಮಾಡಿದ್ದೂ ಅದನ್ನೇ. ಸಯೀದ್‌ಗೆ ಶೇ 90ರಷ್ಟು ಮತ ಬಂತು. ಮತಪತ್ರದಲ್ಲಿದ್ದದ್ದು ಮೂರೇ ಹೆಸರು, ಅವರಲ್ಲಿ ಒಬ್ಬರು ಜೈಲಿನಲ್ಲಿದ್ದರು. ಸೆರೆಯಲ್ಲಿರುವವನಿಗೇ ಮತ ಹಾಕಿ ಬರಬೇಕಿತ್ತು ಎಂದು ಮಗಳು ಈಗಲೂ ಜಗಳವಾಡುತ್ತಾಳೆ, ಅವಳು ಹೇಳುವುದೇ ಸರಿಯಿರಬಹುದು ಎಂದರು.