ತಲೆ ಅಲುಗಿದರೆ ಮಿದುಳು ಕುಗ್ಗಿದಂತೆ ಕಾಣುತ್ತದೆ

ನೆನಪಿಗೆ ಆಧಾರವಾದ ಮಿದುಳಿನ ಭಾಗ ಹಿಪ್ಪೊಕ್ಯಾಂಪಸ್ ಒಂದೊಂದು ಬದಿಗೆ ಸುಮಾರು 3 ಘನ ಸೆಂಟಿಮೀಟರ್. ಎಂಆರ್‌ಐ ಚಿತ್ರವನ್ನು 1 ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ ಸುಮಾರು 3,000 ತುಣುಕು. ವಯಸ್ಸಾದ ಆರೋಗ್ಯವಂತರಲ್ಲಿ ಇದು ವರ್ಷಕ್ಕೆ ಶೇ 1ರ ಆಸುಪಾಸು ಸವೆಯುತ್ತದೆ, ಮರೆವಿನ ಕಾಯಿಲೆಯಾದ ಆಲ್ಜೈಮರ್ಸ್ ಇದ್ದರೆ ಶೇ 3ರಿಂದ 5. ಸಂಶೋಧಕರು ಹುಡುಕುತ್ತಿರುವುದು ನೂರು ತುಣುಕಿನ ವ್ಯತ್ಯಾಸವನ್ನು! ತಲೆ ತುಸು ಅಲುಗಿದರೂ ಅಂಚು ಮಸುಕಾಗಿ, ಸಾಫ್ಟ್‌ವೇರ್ ಇರುವುದಕ್ಕಿಂತ ಕಡಿಮೆ ಲೆಕ್ಕ ಕೊಡುತ್ತದೆ. ಮರೆವಿನವರು ಹೆಚ್ಚು ಅಲುಗುವುದರಿಂದ, ಆಗದ ಸವೆತವೂ ರೋಗದ ಖಾತೆಗೆ ಜಮೆಯಾಗುತ್ತದೆ.

ಆದ್ದರಿಂದ ಸ್ಕ್ಯಾನ್ ಮಾಡುವವರು, ಬಂದವರನ್ನು ಮೊದಲು ಶೌಚಾಲಯಕ್ಕೆ ಕಳಿಸಿ. ಮಂಡಿ ಕೆಳಗೆ ದಿಂಬು, ಕಿವಿಗೆ ಪ್ಲಗ್, ತಲೆಯ ಎರಡೂ ಬದಿಗೆ ಫೋಮ್. ಸರ, ಮೂಗುತಿ, ಕಾಲುಂಗುರ, ಹೇರ್‌ಪಿನ್ ತೆಗೆಸಿ. ಪೇಸ್‌ಮೇಕರ್, ಹಳೇ ಆಪರೇಷನ್ನಿನ ಕ್ಲಿಪ್ ಇವೆಯಾ ಅಂತ ಜೊತೆಗೆ ಬಂದ ಮಗಳನ್ನೋ ಸೊಸೆಯನ್ನೋ ತಪ್ಪದೆ ಕೇಳಿ. ಮರೆವಿನ ಕಾಯಿಲೆಯವರ ಮಾತೊಂದನ್ನೇ ನಂಬಿ ಒಳಗೆ ಬಿಡುವುದು ಅಪಾಯ. ಗಾತ್ರ ಅಳೆಯಲು ಬಳಸುವ, ಐದಾರು ನಿಮಿಷದ ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರವನ್ನು ಮೊದಲೇ ತೆಗೆದುಬಿಡಿ, ಹೊತ್ತಾದಷ್ಟೂ ಚಡಪಡಿಕೆ ಜಾಸ್ತಿ. ಪ್ರತಿ ಸುತ್ತಿಗೂ ಮುಂಚೆ "ಅಜ್ಜಿ, ಇನ್ನು ಐದು ನಿಮಿಷ ಸದ್ದು ಬರುತ್ತೆ, ಅಲ್ಲಾಡಬೇಡಿ" ಅಂತ ಅವರ ಭಾಷೆಯಲ್ಲೇ ಹೇಳಿ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ವರ್ಷಗಳ ಕಾಲ ಗಮನಿಸುತ್ತಿದೆ. ಇಂಥ ಅಧ್ಯಯನದಲ್ಲಿ ಒಬ್ಬರ ಹೋಲಿಕೆ ಅವರ ಹಿಂದಿನ ಚಿತ್ರದೊಂದಿಗೇ. ನಡುವೆ ಯಂತ್ರವೋ ತಲೆಯ ಸುತ್ತ ಇಟ್ಟು ಸಂಕೇತ ಹಿಡಿಯುವ ಸುರುಳಿಯೋ (ಕಾಯಿಲ್) ಸಾಫ್ಟ್‌ವೇರೋ ಬದಲಾದರೆ ಅಳತೆ ಜಿಗಿಯುತ್ತದೆ. ನೀರು ಕುಡಿಯದೆ ಬಂದರೂ ಮಿದುಳಿನ ಗಾತ್ರ ತುಸು ಇಳಿದು ಕಾಣಬಹುದು.

ವಿಕಿರಣ ಸೂಸುವ ಮದ್ದು ಚುಚ್ಚಿ ಚಿತ್ರ ತೆಗೆಯುವ ಪೆಟ್ ಸ್ಕ್ಯಾನಿನಲ್ಲಿ ಗಡಿಯಾರವೇ ಯಜಮಾನ. ಆಲ್ಜೈಮರ್ಸ್‌ನಲ್ಲಿ ಮಿದುಳಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನನ್ನು ತೋರಿಸುವ ಫ್ಲೋರ್‌ಬೆಟಾಪಿರ್ ಎಂಬ ಮದ್ದಿನಲ್ಲಿರುವ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಸಂಶೋಧನೆಯಲ್ಲಿ ಚುಚ್ಚಿದ 50 ನಿಮಿಷಕ್ಕೆ ಶುರುಮಾಡಿ 20 ನಿಮಿಷ ಚಿತ್ರ ಹಿಡಿಯುವುದು ರೂಢಿ. ಒಮ್ಮೆ 50, ಇನ್ನೊಮ್ಮೆ 70 ಆದರೆ ಎರಡೂ ಸಂಖ್ಯೆಗಳನ್ನು ಹೋಲಿಸಲು ಬರುವುದಿಲ್ಲ.

ಕೊನೆಯದಾಗಿ, ವ್ಯಕ್ತಿ ಮೇಜಿನ ಮೇಲಿರುವಾಗಲೇ ಟಿ1 ಚಿತ್ರ ತೆರೆದು ನೋಡಿ. ಹಣೆಯ ಬಳಿ ನೀರಿನ ಅಲೆಯಂಥ ಗೆರೆ ಕಂಡರೆ ಆಗಲೇ ಇನ್ನೊಮ್ಮೆ ತೆಗೆಯಿರಿ. ಅವರು ಊರಿನ ಬಸ್ಸು ಹತ್ತಿದ ಮೇಲೆ ಆ ಗೆರೆ ಅಳಿಸುವ ದಾರಿಯಿಲ್ಲ.