ಮಾಲ್ಡೀವ್ಸ್‌ಗೆ ಹೊರಡುವ ಮುನ್ನ ದೋಣಿಯ ವೇಳೆ ನೋಡಿ

ಮಾಲ್ಡೀವ್ಸ್ ಎಂದೊಡನೆ ನೀರಿನ ಮೇಲೆ ಕಟ್ಟಿದ ಬಂಗಲೆ ಕಣ್ಣ ಮುಂದೆ ಬರುತ್ತದೆ. ಅದರ ಬಾಡಿಗೆ ಕೇಳಿದ ಮೇಲೆ ಆ ದೇಶದ ಆಸೆಯನ್ನೇ ಬಿಟ್ಟವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆ ಬಾಡಿಗೆ ರೆಸಾರ್ಟ್ ದ್ವೀಪಗಳದ್ದು. ಸುಮಾರು 1,190 ದ್ವೀಪಗಳಿರುವ ಈ ದೇಶದಲ್ಲಿ ಜನರು ಮನೆಮಠ ಕಟ್ಟಿಕೊಂಡು ಬದುಕುವ ದ್ವೀಪಗಳು ಇನ್ನೂರರ ಆಸುಪಾಸಿನಲ್ಲಿವೆ. 2009ರ ನಂತರ ಆ ಊರುಗಳಲ್ಲೂ ಅತಿಥಿಗೃಹಗಳು ತಲೆಯೆತ್ತಿದವು. ಸಮುದ್ರ ಅದೇ, ಹವಳವೂ ಅದೇ. ಖರ್ಚು ಮಾತ್ರ ಮಧ್ಯಮ ವರ್ಗದ ಕುಟುಂಬಕ್ಕೆ ನಿಭಾಯಿಸುವಷ್ಟು. ಅಪ್ಪ ಅಮ್ಮನನ್ನು ಕರೆದುಕೊಂಡು ನಾವು ಉಳಿದದ್ದು ಇಂಥ ಊರುಗಳಲ್ಲೇ. ಅದೇ ದಾರಿ ಹಿಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ವಿಮಾನದ ಟಿಕೆಟ್ ಕೊಳ್ಳುತ್ತಾರೆ. ಇಲ್ಲಿ ಅದು ಎರಡನೆಯ ಕೆಲಸವಾಗಬೇಕು. ಮೊದಲು ದ್ವೀಪ ಆರಿಸಿ, ಅಲ್ಲಿಗೆ ದೋಣಿ ಯಾವ ಹೊತ್ತಿಗೆ ಹೊರಡುತ್ತದೆಂದು ಅತಿಥಿಗೃಹದವರನ್ನೇ ಕೇಳಿ, ಆಮೇಲೆ ಅದಕ್ಕೆ ಹೊಂದುವ ವಿಮಾನ ಹುಡುಕಿ. ರಾತ್ರಿ ಇಳಿದರೆ ಬಹಳಷ್ಟು ದ್ವೀಪಗಳಿಗೆ ಅಂದೇ ಹೋಗಲಾಗದು. ರಾಜಧಾನಿ ಮಾಲೆಯಲ್ಲೋ ಅದರ ಪಕ್ಕದ ಹುಲ್ಹುಮಾಲೆಯಲ್ಲೋ ಒಂದು ರಾತ್ರಿಯ ಬಾಡಿಗೆ ಹೆಚ್ಚುವರಿಯಾಗಿ ತೆರಬೇಕಾಗುತ್ತದೆ. ನೀರಿನ ಮೇಲೆ ಇಳಿಯುವ ಸೀಪ್ಲೇನ್‌ಗಳಂತೂ ಹಗಲಿನಲ್ಲಷ್ಟೇ ಹಾರುತ್ತವೆ. ಶುಕ್ರವಾರ ಅಲ್ಲಿ ವಾರದ ರಜೆ, ಸಾರ್ವಜನಿಕ ಫೆರ್ರಿಗಳು ಬಹುತೇಕ ನಿಂತಿರುತ್ತವೆ. ಶುಕ್ರವಾರ ಇಳಿಯುವ ಅಥವಾ ಮರಳುವ ಯೋಜನೆ ಇದ್ದರೆ ದುಬಾರಿ ಸ್ಪೀಡ್ ಬೋಟ್ ಒಂದೇ ಗತಿ ಎಂದುಕೊಳ್ಳಿ.

ಭಾರತೀಯರು ಮುಂಚಿತವಾಗಿ ವೀಸಾ ಮಾಡಿಸಬೇಕಿಲ್ಲ. ಮರಳುವ ಟಿಕೆಟ್, ವಸತಿ ಕಾದಿರಿಸಿದ ಪತ್ರ ಕೈಯಲ್ಲಿರಲಿ. ಪ್ರಯಾಣಕ್ಕೆ ಮುಂಚಿನ 96 ಗಂಟೆಗಳ ಒಳಗೆ ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಒಂದು ಅರ್ಜಿ ತುಂಬಬೇಕು, ಹೋಗುವಾಗಲೂ, ಬರುವಾಗಲೂ. ಅದು ಸಂಪೂರ್ಣ ಉಚಿತ. ಅದೇ ಹೋಲಿಕೆಯ ತಾಣಗಳು ಶುಲ್ಕ ಕೇಳುತ್ತವೆ, ಹಣ ಕಟ್ಟಬೇಡಿ.

ಸಾಮಾನಿನ ವಿಷಯ ನಮ್ಮವರಿಗೆ ಮುಖ್ಯ. ಮದ್ಯ, ಹಂದಿಮಾಂಸ ಒಯ್ಯುವಂತಿಲ್ಲ. ಪೂಜೆಯ ವಿಗ್ರಹಗಳಿಗೂ ನಿಷೇಧವಿದೆ. ಊರಿಂದ ಊರಿಗೆ ಹೋಗುವಾಗ ಪುಟ್ಟ ಗಣಪತಿಯನ್ನು ಚೀಲದಲ್ಲಿಟ್ಟುಕೊಳ್ಳುವ ಅಭ್ಯಾಸ ಹಿರಿಯರಿಗಿರುತ್ತದೆ. ಹೊರಡುವ ಮುನ್ನವೇ ಅವರಿಗೆ ಸಮಾಧಾನವಾಗಿ ತಿಳಿಸಿ ಹೇಳಿ, ವಿಮಾನ ನಿಲ್ದಾಣದಲ್ಲಿ ಮನಸ್ಸು ನೋಯುವುದು ಬೇಡ. ಇ-ಸಿಗರೇಟ್ ತರುವುದನ್ನು 2024ರ ನವೆಂಬರ್‌ನಿಂದ ನಿಲ್ಲಿಸಿದ್ದಾರೆ. ಅಲ್ಲಿನ ಪ್ಲಗ್ ಬ್ರಿಟನ್ ಮಾದರಿಯ ಚೌಕ ಮೂರು ಪಿನ್ನಿನದು, ಒಂದು ಅಡಾಪ್ಟರ್ ಬೇಕು. ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ.

ವಿಮಾನ ನಿಲ್ದಾಣವೇ ಹುಲ್ಹುಲೆ ಎಂಬ ಪ್ರತ್ಯೇಕ ದ್ವೀಪ. ಹೊರಬಂದರೆ ಹತ್ತಿರದಲ್ಲೇ ದೋಣಿಕಟ್ಟೆ. ಮಾಲೆಗೆ ಫೆರ್ರಿಯೂ ಇದೆ, 2018ರಲ್ಲಿ ತೆರೆದ ಸೇತುವೆಯ ಮೇಲೆ ಬಸ್ಸೂ ಇದೆ. ಮೊದಲ ಸಲ ಹೋಗುವವರಿಗೆ ಮಾಫುಶಿ ದ್ವೀಪ ಸುಲಭ: ಸ್ಪೀಡ್ ಬೋಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ, ಅತಿಥಿಗೃಹಗಳಿಗೆ ಬರವಿಲ್ಲ. ಆದರೆ ಗದ್ದಲ ಜಾಸ್ತಿ. ನನ್ನ ಆಯ್ಕೆ ತೊಡ್ಡು. ಕಲ್ಲಂಗಡಿ, ಪಪ್ಪಾಯಿ ಬೆಳೆಯುವ ದ್ವೀಪವದು. ಸೈಕಲ್ ತುಳಿಯುತ್ತಾ ತೋಟಗಳ ನಡುವೆ ಹೋಗಿ ಸಮುದ್ರ ತಲುಪಬಹುದು. ದೋಣಿಯಲ್ಲಿ ವಯಸ್ಸಾದವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ. ಮುಂಭಾಗ ಅಲೆಗೆ ಎದ್ದು ಬೀಳುವ ರಭಸಕ್ಕೆ ಬೆನ್ನು ಸೋಲುತ್ತದೆ.

ಸಸ್ಯಾಹಾರಿಗಳು ಹಸಿದಿರಬೇಕಿಲ್ಲ, ಹುಷಾರಾಗಿರಬೇಕು. ಬೆಳಗಿನ ತಿಂಡಿ ಮಸ್ ಹುನಿಯಲ್ಲಿ ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಎಲ್ಲ ನಮ್ಮ ಕೋಸಂಬರಿಯಂತೆಯೇ ಕಂಡರೂ ಅದರ ಮುಖ್ಯ ಸಾಮಗ್ರಿ ಟ್ಯೂನಾ ಮೀನು. ಸಂಜೆಯ ಕರಿದ ತಿಂಡಿಗಳ ಹೂರಣದಲ್ಲೂ ಹೆಚ್ಚಾಗಿ ಅದೇ. 'ಮಾಂಸ ಬೇಡ' ಎಂದರೆ ಸಾಲದು, 'ಮೀನೂ ಬೇಡ' ಎಂದು ಬಿಡಿಸಿ ಹೇಳಿ. ಅನ್ನ, ಬೇಳೆ ಸಾರು, ಚಪಾತಿಯಂಥ ರೋಶಿ ಕೇಳಿದರೆ ಮಾಡಿಕೊಡುತ್ತಾರೆ. ಅಮ್ಮ ಒಯ್ದಿದ್ದ ಚಟ್ನಿಪುಡಿ ರೋಶಿಗೆ ಚೆನ್ನಾಗಿ ಹೊಂದಿತು. ಮೀನು ತಿನ್ನುವವರಿಗಂತೂ ಗರುಧಿಯಾ ಎಂಬ ತಿಳಿಸಾರು ತಪ್ಪಿಸಿಕೊಳ್ಳಬಾರದ ರುಚಿ.

ಊರಿನ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ. ಈಜುಡುಗೆ ಪ್ರವಾಸಿಗರಿಗೆಂದು ಗುರುತಿಸಿದ ಕಡಲತೀರಕ್ಕೆ ಮಾತ್ರ. ಉಳಿದೆಡೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ತೊಡಿ. ಅದು ಅವರ ಮನೆಯಂಗಳ, ಮಕ್ಕಳು ಶಾಲೆಗೆ ಹೋಗುವ ದಾರಿ. ರಂಜಾನ್ ತಿಂಗಳಲ್ಲಿ ಹಗಲು ಊಟದ ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ, ಬೀದಿಯಲ್ಲಿ ನಿಂತು ತಿನ್ನುವುದೂ ಸಲ್ಲ.

ದರ ಕೇಳುವಾಗ ತೆರಿಗೆ ಸೇರಿದೆಯೇ ಎಂದು ಕೇಳಿ. ಪ್ರವಾಸೋದ್ಯಮ ತೆರಿಗೆ 2025ರ ಜುಲೈಯಿಂದ ಶೇ 17 ಆಗಿದೆ. ಸೇವಾ ಶುಲ್ಕ ಬೇರೆ. ಇದಲ್ಲದೆ ಊರಿನ ಸಣ್ಣ ಅತಿಥಿಗೃಹಗಳಲ್ಲಿ ತಲೆಗೆ ದಿನಕ್ಕೆ 6 ಡಾಲರ್ ಹಸಿರು ತೆರಿಗೆ, ರೆಸಾರ್ಟ್‌ಗಳಲ್ಲಿ 12. ಸಣ್ಣ ಮುಖಬೆಲೆಯ ಡಾಲರ್ ನೋಟುಗಳನ್ನು ಇಟ್ಟುಕೊಳ್ಳಿ, ಕೆಲವು ದ್ವೀಪಗಳಲ್ಲಿ ಎಟಿಎಂ ಇರದಿರಬಹುದು.

ಇನ್ನು ನೀರಿನೊಳಗಿನ ಲೋಕ. ಕನ್ನಡಕದಂಥ ಮಾಸ್ಕ್ ಹಾಕಿಕೊಂಡು ದಡದ ಹವಳದ ದಿಬ್ಬದ ಮೇಲೆ ಸುಮ್ಮನೆ ತೇಲಿ. ಕಿವಿಗೆ ಕಟಕಟ ಎಂಬ ಸದ್ದು ಬೀಳುತ್ತದೆ; ನೀಲಿ ಹಸಿರಿನ ಗಿಣಿಮೀನುಗಳು ಗಟ್ಟಿ ಕೊಕ್ಕಿನಿಂದ ಕಲ್ಲು ಕೆರೆದು ಪಾಚಿ ತಿನ್ನುತ್ತಿರುತ್ತವೆ. ನುಂಗಿದ ಸುಣ್ಣಕಲ್ಲು ಬಿಳಿಯ ಪುಡಿಯಾಗಿ ಅವುಗಳ ಹಿಂದೆಯೇ ಮೋಡದಂತೆ ಉದುರುತ್ತದೆ. ನಾವು ಬರಿಗಾಲಲ್ಲಿ ನಡೆಯುವ ಆ ಬಿಳಿ ಮರಳಿನಲ್ಲಿ ಇವುಗಳ ಪಾಲೂ ದೊಡ್ಡದು. ದಿಬ್ಬ ಮುಗಿದು ಒಮ್ಮೆಗೇ ಕಡುನೀಲಿ ಆಳ ತೆರೆದುಕೊಳ್ಳುವಲ್ಲಿ ಸೆಳೆತ ಇರಬಹುದು. ಈಜು ಬಂದರೂ ಲೈಫ್ ಜಾಕೆಟ್ ತೊಟ್ಟು, ಸ್ಥಳೀಯ ಮಾರ್ಗದರ್ಶಕರ ಜೊತೆಗೇ ಹೋಗಿ. ಹವಳವನ್ನು ಮುಟ್ಟಬೇಡಿ, ತುಳಿಯಬೇಡಿ, ಅದು ಜೀವ. ತುಂಬುತೋಳಿನ ಅಂಗಿ ಇಲ್ಲದಿದ್ದರೆ ಬೆನ್ನು ಸುಟ್ಟುಹೋಗುತ್ತದೆ.

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ದರ ಏರಿರುತ್ತದೆ. ನಮ್ಮ ಕರಾವಳಿಯಂತೆ ಅಲ್ಲೂ ನೈರುತ್ಯ ಮಾರುತದ ಕಾಲದಲ್ಲಿ ಕಡಲು ಒರಟು. ಆದರೆ ಬಾ ಎಂಬ ಅಟೋಲ್‌ನ (ಉಂಗುರದಂತಿರುವ ಹವಳದ್ವೀಪಗಳ ಗುಂಪಿನ) ಹನಿಫರು ಕೊಲ್ಲಿಗೆ ಮಾಂಟಾ ಎಂಬ ದೊಡ್ಡ ತೊರಕೆ ಮೀನುಗಳು ಗುಂಪಾಗಿ ಬರುವುದು ಆ ತಿಂಗಳುಗಳಲ್ಲೇ. ಯುನೆಸ್ಕೊ ಗುರುತಿಸಿದ ಜೀವಗೋಳ ಮೀಸಲು ಪ್ರದೇಶವಾದ ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ನಿಷಿದ್ಧ, ಮೇಲೆ ತೇಲುತ್ತಾ ನೋಡಬೇಕು.

ಮರಳುವ ದಿನ ಮಾಲೆಯಲ್ಲಿ ಅರ್ಧ ದಿನ ಉಳಿಸಿಕೊಳ್ಳಿ. 1658ರ ಹಳೆಯ ಶುಕ್ರವಾರ ಮಸೀದಿಯ ಗೋಡೆಗಳು ಹವಳದ ಕಲ್ಲಿನವು. ಗಾರೆಯಿಲ್ಲದೆ ಕೂಡಿಸಿ ಕೆತ್ತಿದ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಚೀಲದಲ್ಲಿ ಹವಳದ ಚೂರು, ಚಿಪ್ಪು, ಮರಳು ಏನೂ ಇರದಂತೆ ನೋಡಿಕೊಳ್ಳಿ, ಮಕ್ಕಳ ಜೇಬನ್ನೂ ತಪಾಸಣೆ ಮಾಡಿ. ಅವನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ.