ದೊಡ್ಡಪ್ಪನ ಜಿಲೆಟ್ ಸ್ಲಿಮ್: 7ರಲ್ಲಿ ಕಚ್ಚಿಕೊಂಡಿದ್ದ ಡಯಲ್ ಕೊನೆಗೂ ತಿರುಗಿತು

ದೊಡ್ಡಮ್ಮನ ಮನೆಯ ಅಟ್ಟದ ಟ್ರಂಕಿನಲ್ಲಿ ಈ ರೇಜರ್ ಸಿಕ್ಕಿ ಐದು ವಾರ ಆಯ್ತು. ಜಿಲೆಟ್ ಸ್ಲಿಮ್ ಅಡ್ಜಸ್ಟಬಲ್. ದೊಡ್ಡಪ್ಪ ಓದಲು ಅಮೆರಿಕಕ್ಕೆ ಹೋಗಿದ್ದಾಗ ಕೊಂಡಿದ್ದು, ಊರಿಗೆ ವಾಪಸ್ ಬಂದ ಮೇಲೂ ಬಹಳ ವರ್ಷ ಇದರಲ್ಲೇ ಗಡ್ಡ ಮಾಡಿಕೊಳ್ಳುತ್ತಿದ್ದರಂತೆ. "ಬೇಕಿದ್ರೆ ತಗೊಂಡು ಹೋಗಪ್ಪ, ಇಲ್ಲಿ ಸುಮ್ನೆ ಬಿದ್ದಿರುತ್ತೆ" ಅಂದರು ದೊಡ್ಡಮ್ಮ. ತಗೊಂಡು ಬಂದೆ.

ತಲೆಯ ಅಡಿಯಲ್ಲಿ ಇಂಗ್ಲಿಷಿನ ಐ ಅಕ್ಷರ, ಜೊತೆಗೆ 3 ಅಂತ ಕೊರೆದಿದೆ. ಆ ಕಾಲದ ಜಿಲೆಟ್‌ಗಳಲ್ಲಿ ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ಯಾವ ಮೂರು ತಿಂಗಳು ಅನ್ನೋದಕ್ಕೆ. ಐ ಅಂದರೆ 1963, 3 ಅಂದರೆ ಜುಲೈನಿಂದ ಸೆಪ್ಟೆಂಬರ್. ಅರವತ್ತು ವರ್ಷ ದಾಟಿದ ಸಾಮಾನು. ಇವತ್ತು ಅಂಗಡಿಯಲ್ಲಿ ಸಿಗುವ ಟೋಪಾಜ್ ಬ್ಲೇಡು ಇದರೊಳಗೆ ಸರಿಯಾಗಿ ಕೂರುತ್ತೆ, ನನಗೆ ಇದೇ ದೊಡ್ಡ ಖುಷಿ.

ಇಂಥ ರೇಜರ್ ನೋಡದವರಿಗೆ ಒಂದು ಮಾತು. ಹಿಡಿಯ ಬುಡದಲ್ಲಿರುವ ನಾಬ್ ತಿರುಗಿಸಿದರೆ ತಲೆಯ ಮೇಲಿನ ಎರಡು ಬಾಗಿಲು ತೆರೆದುಕೊಳ್ಳುತ್ತವೆ, ಬ್ಲೇಡ್ ಇಟ್ಟು ವಾಪಸ್ ತಿರುಗಿಸಿದರೆ ಮುಚ್ಚಿಕೊಳ್ಳುತ್ತವೆ. ತಲೆಯ ಕೆಳಗೆ ಕತ್ತಿನ ಹತ್ತಿರ 1ರಿಂದ 9ರವರೆಗೆ ಅಂಕಿ ಇರುವ ಡಯಲ್. ಅಂಕಿ ಹೆಚ್ಚಿದಷ್ಟೂ ಬ್ಲೇಡಿನ ಅಂಚಿಗೂ ಅದರ ಕೆಳಗಿನ ಕಂಬಿಗೂ ನಡುವಿನ ಸಂದು ಹೆಚ್ಚುತ್ತೆ, ಬ್ಲೇಡ್ ಅಷ್ಟು ಜೋರಾಗಿ ಕೆಲಸ ಮಾಡುತ್ತೆ. 1 ಇಟ್ಟರೆ ಬಹಳ ಮೆತ್ತಗೆ, 9 ಇಟ್ಟರೆ ಕೈ ಹುಷಾರಾಗಿರಬೇಕು.

ನಂದು 7ರಲ್ಲಿ ಕಚ್ಚಿಕೊಂಡಿತ್ತು. ಅಲ್ಲಾಡಲೇ ಇಲ್ಲ. ಬಾಗಿಲುಗಳು ಅರ್ಧ ತೆರೆದು ನಿಲ್ಲುತ್ತಿದ್ದವು, ಒಳಗೆಲ್ಲ ಹಳೇ ಸೋಪು ಒಣಗಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಅವರ ಮನೆಯದು ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಲ್ಲೇ ಬಿಳಿ ಪದರ ಕಟ್ಟುತ್ತೆ, ಇನ್ನು ಇಷ್ಟು ಸಣ್ಣ ಸಂದಿಯಲ್ಲಿ ಎಷ್ಟು ವರ್ಷದ್ದು ಕೂತಿರಬೇಕು ಲೆಕ್ಕ ಹಾಕಿ.

ಮೊದಲ ವಾರ. ಅಮ್ಮ ಹುಣಸೆಹಣ್ಣು ಹಾಕಿ ಉಜ್ಜು ಅಂದರು. ಹಿತ್ತಾಳೆ ದೀಪಕ್ಕೆ, ಚೊಂಬಿಗೆ ಅದು ಸರಿ. ಇದೂ ಒಳಗೆ ಹಿತ್ತಾಳೆಯೇ, ಆದರೆ ಮೇಲೆ ತೆಳ್ಳಗೆ ನಿಕ್ಕಲ್ ಲೇಪ ಇದೆ. ಹುಳಿ ಅದನ್ನು ಮಂಕು ಮಾಡುತ್ತೆ, ತುಂಬಾ ಹೊತ್ತು ಬಿಟ್ಟರೆ ತಿಂದೇ ಹಾಕುತ್ತೆ. ವಿನೆಗರ್, ನಿಂಬೆಹಣ್ಣೂ ಅಷ್ಟೇ. ಪಾತ್ರೆ ಉಜ್ಜುವ ಪುಡಿ, ಸ್ಟೀಲ್ ನಾರು ಅಂತೂ ಹತ್ತಿರಕ್ಕೇ ತರಬಾರದು. ನಾನು ಮಾಡಿದ್ದು ಇಷ್ಟೇ: ಕೈ ಇಡಬಹುದಾದಷ್ಟು ಬಿಸಿ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ರೇಜರ್ ಬಾಗಿಲು ತೆರೆದು ಅದರಲ್ಲಿ ಮುಳುಗಿಸಿ ಇಡುವುದು. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆತ್ತಗೆ ಉಜ್ಜುವುದು. ಕುದಿಯುವ ನೀರಿಗೆ ಹಾಕಲಿಲ್ಲ.

ಎರಡನೇ ದಿನ ಬಾಗಿಲು ಪೂರ್ತಿ ತೆರೆಯಿತು. ಡಯಲ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇಕ್ಕಳ ತಗೊಂಡು ತಿರುಗಿಸಿಬಿಡೋಣ ಅನ್ನಿಸಿದ್ದು ನಿಜ. ಆದರೆ ಒಳಗಿನ ಭಾಗಗಳು ಸಣ್ಣವು, ಒಂದು ಮುರಿದರೆ ಬಿಡಿಭಾಗ ಅಂತ ಎಲ್ಲೂ ಕೊಳ್ಳುವ ಹಾಗಿಲ್ಲ. ನೆನೆಸಿದೆ, ಉಜ್ಜಿದೆ, ಮತ್ತೆ ನೆನೆಸಿದೆ. ಐದನೇ ದಿನ ರಾತ್ರಿ ನಾಬನ್ನು ಅರ್ಧ ಸುತ್ತು ಸಡಿಲ ಮಾಡಿ, ಡಯಲ್ಲನ್ನು ಬಟ್ಟೆಯಲ್ಲಿ ಹಿಡಿದು ಒಂದು ಚೂರು ಆ ಕಡೆ, ಒಂದು ಚೂರು ಈ ಕಡೆ ಆಡಿಸುತ್ತಾ ಕೂತಿದ್ದೆ. ಸಂದಿಯಿಂದ ಬೂದು ಬಣ್ಣದ ನೀರು ಒಂದು ಹನಿ ಹೊರಗೆ ಬಂತು. ಆಮೇಲೆ ಟಿಕ್ ಅಂತ 6ಕ್ಕೆ ಬಂತು. ನಾನು ಎದ್ದು ನಿಂತುಬಿಟ್ಟೆ.

ಈಗಲೂ ಅಂಕಿ ಬದಲಿಸುವ ಮುಂಚೆ ನಾಬ್ ಸ್ವಲ್ಪ ಸಡಿಲ ಮಾಡುತ್ತೇನೆ. ಬ್ಲೇಡ್ ಬಿಗಿಯಾಗಿ ಅದುಮಿಕೊಂಡಿರುವಾಗ ಡಯಲ್ ತಿರುಗಿಸಿದರೆ ಒಳಗಿನ ಭಾಗಗಳು ಸುಮ್ನೆ ಸವೆಯುತ್ತವೆ. ಬದಲಿಸಿದ ಮೇಲೆ ನಾಬ್ ಬಿಗಿ ಮಾಡೋದು ಮರೆಯಬಾರದು, ಇದು ಮುಖ್ಯ.

ಎರಡನೇ ವಾರ. ಇಲ್ಲಿ ಒಂದು ತಪ್ಪು ಮಾಡಿದೆ. ಡಯಲ್ ತಿರುಗುವ ಜಾಗಕ್ಕೆ ಎಣ್ಣೆ ಬೇಕಿತ್ತು, ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಹಾಕಿದ ದಿನ ಬೆಣ್ಣೆಯಂತೆ ತಿರುಗಿತು. ಎರಡು ದಿನ ಬಿಟ್ಟು ಬೆಳಗ್ಗೆ ಚಳಿಯಲ್ಲಿ ನೋಡಿದರೆ ಮತ್ತೆ ಬಿಗಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತೆ, ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತೆ ಅಲ್ವಾ. ಮತ್ತೆ ಬಿಸಿ ನೀರು, ಮತ್ತೆ ಲಿಕ್ವಿಡ್, ಎಲ್ಲ ತೊಳೆದು ಒಂದು ದಿನ ಒಣಗಿಸಿ ಹೊಲಿಗೆ ಮೆಷಿನ್ನಿಗೆ ಹಾಕುವ ಎಣ್ಣೆ ಹಾಕಿದೆ. ಡಯಲ್ಲಿಗೆ ಒಂದು ಹನಿ, ನಾಬಿನ ಸಂದಿಗೆ ಒಂದು ಹನಿ, ಬಾಗಿಲಿನ ಕೀಲುಗಳಿಗೆ ಸೂಜಿ ತುದಿಯಲ್ಲಿ ಮುಟ್ಟಿಸಿದಷ್ಟು. ಜಾಸ್ತಿ ಆಗಿದ್ದನ್ನು ಒರೆಸಿದೆ. ಅಂದಿನಿಂದ ತೊಂದರೆ ಇಲ್ಲ.

ಮೂರನೇ ವಾರ. ಹೊಸ ಬ್ಲೇಡ್ ಹಾಕಿ ಬೆಳಕಿಗೆ ಹಿಡಿದು ತುದಿಯಿಂದ ನೋಡಿದೆ. ಒಂದು ಕಡೆ ಸಂದು ಸಮ, ಇನ್ನೊಂದು ಕಡೆ ಎಡದಲ್ಲಿ ಕಮ್ಮಿ, ಬಲದಲ್ಲಿ ಜಾಸ್ತಿ. ಎದೆ ಧಸಕ್ ಅಂತು. ಯಾವಾಗಲೋ ಕೈಜಾರಿ ಬಿದ್ದು ಬಾಗಿಲು ಬಗ್ಗಿದೆ ಅಂತಲೇ ಅಂದುಕೊಂಡೆ, ಇಂಥ ರೇಜರ್‌ಗಳಿಗೆ ಅದೇ ದೊಡ್ಡ ಕಾಟ. ಬ್ಲೇಡ್ ತೆಗೆದು ಮತ್ತೆ ಹಾಕಿದೆ, ಹಾಗೇ ಇತ್ತು. ಬ್ಲೇಡನ್ನು ತಿರುಗಿಸಿ ಹಾಕಿದೆ, ಓರೆ ಅದೇ ಮೂಲೆಯಲ್ಲಿ. ಅಂದರೆ ಬ್ಲೇಡಿನ ತಪ್ಪಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಬ್ಲೇಡ್ ಕೂರುವ ಅಂಚಿನ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನ ಅರ್ಧದಷ್ಟು ಗಟ್ಟಿ ಸೋಪು ಅಂಟಿಕೊಂಡಿತ್ತು. ಲೋಹದ್ದೇ ಬಣ್ಣ, ಬರಿಗಣ್ಣಿಗೆ ಗೊತ್ತೇ ಆಗಲ್ಲ. ಬ್ಲೇಡಿನ ದಪ್ಪವೇ 0.1 ಮಿಲಿಮೀಟರ್, ಅಷ್ಟು ತೆಳ್ಳಗಿನದಕ್ಕೆ ಈ ಚೂರು ಒಂದು ಗುಡ್ಡ ಇದ್ದ ಹಾಗೆ. ನೆನೆಸಿ, ಮರದ ಹಲ್ಲುಕಡ್ಡಿಯಿಂದ ಕೆರೆದು ತೆಗೆದೆ. ಆಮೇಲೆ 1ರಲ್ಲೂ 9ರಲ್ಲೂ ಎರಡೂ ಕಡೆ ಸಂದು ಸಮ. ಬಾಗಿಲು ಬಗ್ಗಿದೆ ಅಂತ ಯಾರಿಗಾದರೂ ಅನ್ನಿಸಿದರೆ, ಬಗ್ಗಿಸಿ ಸರಿ ಮಾಡುವ ಮುಂಚೆ ದಯವಿಟ್ಟು ಈ ಮೂಲೆಗಳನ್ನು ನೋಡಿ.

ನಾಬಿನ ಹತ್ತಿರ ಲೇಪ ಹೋಗಿ ಹಿತ್ತಾಳೆಯ ಹಳದಿ ಕಾಣುತ್ತೆ. ಮತ್ತೆ ನಿಕ್ಕಲ್ ಹಾಕಿಸು ಅಂತ ಒಬ್ಬ ಗೆಳೆಯ ಹೇಳಿದ. ಹಾಕಿಸಲ್ಲ. ದೊಡ್ಡಪ್ಪನ ಬೆರಳು ದಿನಾ ಕೂತು ಸವೆದ ಜಾಗ ಅದು.

ನಾಲ್ಕು, ಐದನೇ ವಾರ. ಶೇವಿಂಗ್. ಮೊದಲ ದಿನ 1, ಕೂದಲು ಸರಿಯಾಗಿ ಹೋಗಲಿಲ್ಲ. 3ರಲ್ಲಿ ಕೆನ್ನೆ ಚೆನ್ನಾಗಿ ಬಂತು, ಗದ್ದದ ಕೆಳಗೆ ಎರಡು ಸಲ ಎಳೆಯಬೇಕಾಯ್ತು. ದಿನಾ ಮಾಡುವವನಿಗೆ 4 ಸಾಕು, ಕುತ್ತಿಗೆಗೆ ಬಂದಾಗ 2ಕ್ಕೆ ಇಳಿಸುತ್ತೇನೆ. ಒತ್ತಬಾರದು, ರೇಜರಿನ ಭಾರವೇ ಸಾಕು. ಮುಗಿದ ಮೇಲೆ ನಾಬ್ ಸ್ವಲ್ಪ ಸಡಿಲ ಮಾಡಿ ನೀರಿಗೆ ಹಿಡಿದು, ಜಾಡಿಸಿ, ಬಚ್ಚಲುಮನೆಯ ಹೊರಗೆ ಒಣಗಲು ಇಡುತ್ತೇನೆ. ಹಳೇ ಬ್ಲೇಡುಗಳನ್ನು ಮುಚ್ಚಳಕ್ಕೆ ಸೀಳು ಮಾಡಿದ ಒಂದು ತಗಡಿನ ಡಬ್ಬಿಗೆ ಹಾಕುತ್ತೇನೆ. ಬರಿದೇ ಕಸಕ್ಕೆ ಎಸೆದರೆ ಪೌರಕಾರ್ಮಿಕರ ಕೈ ಕುಯ್ಯುತ್ತೆ.

ಹೋದ ಭಾನುವಾರ ಬೇಕಂತಲೇ ನಾಲ್ಕು ದಿನ ಗಡ್ಡ ಬಿಟ್ಟು 7ಕ್ಕೆ ಇಟ್ಟು ನೋಡಿದೆ. ಒಂದೇ ಎಳೆತಕ್ಕೆ ಕೆನ್ನೆ ನುಣ್ಣಗಾಯ್ತು, ಆದರೆ ಬ್ಲೇಡ್ ಓಡುವುದು ಚರ್ಮಕ್ಕೆ ಚೆನ್ನಾಗಿ ಗೊತ್ತಾಗುತ್ತೆ. ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ. "ಅವರದು ಮುಳ್ಳಿನಂಥ ಗಡ್ಡ ಕಣೋ, ಎರಡು ದಿನಕ್ಕೊಂದು ಸಲ ಮಾಡ್ಕೊಳ್ಳೋರು" ಅಂದರು. ಈಗ ಅರ್ಥ ಆಯ್ತು.

ಸಂಕ್ರಾಂತಿಗೆ ಅವರ ಮನೆಗೆ ಹೋಗುವಾಗ ರೇಜರ್ ಜೊತೆಗೆ ಒಯ್ಯುತ್ತೇನೆ. ಡಯಲ್ ತಿರುಗಿಸಿ ತೋರಿಸಬೇಕು.